ಮೈಲೇಜ್ ಕೇಳುವ ಮುಂಚೆ ಕಿಲೋಮೀಟರ್ ಲೆಕ್ಕ ಹಾಕಿ

ದಾವಣಗೆರೆ ಕಡೆ ಕಾರು ತಗೊಳ್ಳಲು ಹೊರಟವರು ಶೋರೂಂ ಬಾಗಿಲಲ್ಲೇ ಕೇಳುವ ಮಾತು ಒಂದೇ: "ಲೀಟರಿಗೆ ಎಷ್ಟು ಕೊಡುತ್ತೆ?" ಅಲ್ಲಿನ ಹುಡುಗ ಥಟ್ಟನೆ "ಇಪ್ಪತ್ತನಾಲ್ಕು ಚಿಲ್ಲರೆ ಸರ್" ಅನ್ನುತ್ತಾನೆ. ಅವನು ಸುಳ್ಳು ಹೇಳುತ್ತಿಲ್ಲ, ಕಂಪನಿ ಕೊಟ್ಟ ಸಂಖ್ಯೆಯನ್ನೇ ಹೇಳುತ್ತಿದ್ದಾನೆ. ಆದರೆ ನಿಮ್ಮ ಮನೆಯ ಪೆಟ್ರೋಲ್ ಖರ್ಚು ಆ ಸಂಖ್ಯೆಯಿಂದ ತೀರ್ಮಾನವಾಗುವುದಿಲ್ಲ. ನೀವು ತಿಂಗಳಿಗೆ ಎಷ್ಟು ಓಡಿಸುತ್ತೀರಿ, ಎಂಥ ರಸ್ತೆಯಲ್ಲಿ, ಎಷ್ಟು ಜನ ಕೂತು ಅನ್ನುವುದರಿಂದ ತೀರ್ಮಾನವಾಗುತ್ತದೆ. ಹಾಗಾಗಿ ಶೋರೂಂಗೆ ಹೋಗುವ ಮುಂಚೆ ಒಂದು ತಿಂಗಳು ಮನೆಯ ಓಡಾಟವನ್ನು ಬರೆದಿಡಿ. ಬೈಕು, ಆಟೊ, ಬಸ್ಸು, ಬಾಡಿಗೆ ಕಾರು, ಯಾವುದರಲ್ಲಿ ಹೋದರೂ ಕಿಲೋಮೀಟರ್ ಬರೆಯಿರಿ.

ಒಂದು ಮಾದರಿ ಲೆಕ್ಕ ನೋಡಿ. ಪಿ.ಜೆ. ಬಡಾವಣೆಯಲ್ಲಿ ಮನೆ. ಮಕ್ಕಳ ಶಾಲೆ, ಅಂಗಡಿ, ಸಂತೆ ಎಲ್ಲ ಸೇರಿ ದಿನಕ್ಕೆ 12 ಕಿ.ಮೀ.; 26 ದಿನಕ್ಕೆ 312. ತಿಂಗಳಿಗೆ ಎರಡು ಸಲ ಚನ್ನಗಿರಿಯೋ ಜಗಳೂರೋ, ಹಳ್ಳಿಯ ಮನೆಗೆ ಹೋಗಿ ಬಂದರೆ 200. ಎರಡು ತಿಂಗಳಿಗೊಮ್ಮೆ ಬೆಂಗಳೂರು, ಹೋಗಿ ಬರಲು ಹತ್ತಿರಹತ್ತಿರ 530, ಅಂದರೆ ತಿಂಗಳಿಗೆ 265. ಉಕ್ಕಡಗಾತ್ರಿ, ಹರಿಹರ ಅಂತ ಒಂದಿಷ್ಟು ಸೇರಿಸಿದರೆ ತಿಂಗಳಿಗೆ ಸುಮಾರು 800, ವರ್ಷಕ್ಕೆ 9,600 ಕಿ.ಮೀ. ನಮ್ಮ ಕಡೆಯ ಎಷ್ಟೋ ಕುಟುಂಬಗಳ ಓಡಾಟ ಇದಕ್ಕಿಂತ ಕಡಿಮೆಯೇ ಇರುತ್ತದೆ. "ನಾವು ತುಂಬಾ ಓಡಾಡ್ತೀವಿ" ಅನ್ನುವವರು ಕೂಡ ಬರೆದು ನೋಡಿದಾಗ 600 ದಾಟಿರುವುದಿಲ್ಲ. ಇಲ್ಲಿಂದ ಮುಂದಿನ ಲೆಕ್ಕಕ್ಕೆಲ್ಲ ಈ 9,600 ಇಟ್ಟುಕೊಳ್ಳೋಣ. ಪೆಟ್ರೋಲ್ 103 ರೂಪಾಯಿ, ಡೀಸೆಲ್ 91 ಅಂತ ಹಿಡಿಯೋಣ.

ಕಂಪನಿಯ ಸಂಖ್ಯೆ ಎಲ್ಲಿಂದ ಬರುತ್ತದೆ ಅನ್ನುವುದು ಗೊತ್ತಿದ್ದರೆ ಅದನ್ನು ಎಷ್ಟು ನಂಬಬೇಕು ಅನ್ನುವುದೂ ಗೊತ್ತಾಗುತ್ತದೆ. ಕಾರನ್ನು ಪ್ರಯೋಗಾಲಯದಲ್ಲಿ ರೋಲರ್ ಮೇಲೆ ನಿಲ್ಲಿಸಿ, ಮೊದಲೇ ಗೊತ್ತುಮಾಡಿದ ವೇಗದ ಪಟ್ಟಿಯಂತೆ ಓಡಿಸುತ್ತಾರೆ. ಆ ಪಟ್ಟಿಯಲ್ಲಿ ಅತಿ ಹೆಚ್ಚು ವೇಗ ಗಂಟೆಗೆ 90 ಕಿ.ಮೀ., ಸರಾಸರಿ ಮೂವತ್ತು ಚಿಲ್ಲರೆ. ಎ.ಸಿ. ಬಂದ್, ವೇಗ ಏರುವುದು ನಿಧಾನ, ಗಾಳಿ ಇಲ್ಲ, ಹಂಪ್ ಇಲ್ಲ, ಮುಂದೆ ಅಡ್ಡ ಬರುವ ಟ್ರ್ಯಾಕ್ಟರ್ ಇಲ್ಲ. ಎಲ್ಲ ಕಾರುಗಳಿಗೂ ಒಂದೇ ಪರೀಕ್ಷೆಯಾದ್ದರಿಂದ ಎರಡು ಕಾರುಗಳನ್ನು ಹೋಲಿಸಲು ಆ ಸಂಖ್ಯೆ ಸರಿ, ತಿಂಗಳ ಖರ್ಚು ಲೆಕ್ಕ ಹಾಕಲು ಸರಿಯಲ್ಲ. ಊರೊಳಗಿನ ಓಡಾಟಕ್ಕೆ ಕಂಪನಿಯ ಸಂಖ್ಯೆಯ ಶೇ 60ರಿಂದ 65, ಊರು-ಹೈವೇ ಬೆರೆತರೆ 70ರಿಂದ 75, ಹೈವೇಯಲ್ಲಿ 80ರ ಸಮವೇಗಕ್ಕೆ 85ರ ಆಸುಪಾಸು ಅಂತ ಹಿಡಿದರೆ ಮೋಸ ಹೋಗುವುದಿಲ್ಲ. ಮಾರುತಿ ಸ್ವಿಫ್ಟ್ ಮ್ಯಾನುಯಲ್‌ಗೆ ಕಂಪನಿ ಹೇಳುವುದು 24.8. ದಾವಣಗೆರೆ ಪೇಟೆಯೊಳಗೆ ಅದನ್ನು 15-16 ಅಂತ, ಹೈವೇಯಲ್ಲಿ 20-21 ಅಂತ ಬರೆದುಕೊಳ್ಳಿ.

ಮೈಲೇಜ್ ವಿಚಾರದಲ್ಲಿ ಬಹುಪಾಲು ಜನ ಎಡವುವ ಜಾಗ ಇನ್ನೊಂದಿದೆ. 12 ಕೊಡುವ ಗಾಡಿ ಬಿಟ್ಟು 15 ಕೊಡುವ ಗಾಡಿ ತಗೊಂಡರೆ ವರ್ಷಕ್ಕೆ 800 ಲೀಟರ್ ಇದ್ದದ್ದು 640 ಆಗುತ್ತದೆ. ಉಳಿತಾಯ 160 ಲೀಟರ್, ಹದಿನಾರು ಸಾವಿರದ ಮೇಲೆ. 20 ಕೊಡುವುದನ್ನು ಬಿಟ್ಟು 23 ಕೊಡುವುದನ್ನು ತಗೊಂಡರೆ ಉಳಿಯುವುದು ಬರೀ 63 ಲೀಟರ್, ಆರೂವರೆ ಸಾವಿರ. ಎರಡು ಕಡೆಯೂ ವ್ಯತ್ಯಾಸ ಅದೇ ಮೂರು ಕಿಲೋಮೀಟರ್! ಹಾಗಾಗಿ ದೊಡ್ಡ ಗಾಡಿ ಬೇಕಾದವರು ಮೈಲೇಜ್ ಬಗ್ಗೆ ತಲೆ ಕೆಡಿಸಿಕೊಂಡರೆ ಅದಕ್ಕೆ ಅರ್ಥವಿದೆ. ಚಿಕ್ಕ ಕಾರುಗಳ ನಡುವೆ ಒಂದು ಎರಡು ಕಿಲೋಮೀಟರ್‌ಗಾಗಿ ಸೀಟು, ಬ್ರೇಕು, ಏರ್‌ಬ್ಯಾಗ್ ಬಿಟ್ಟುಕೊಡುವುದು ನನ್ನ ಪ್ರಕಾರ ತಪ್ಪು. ವರ್ಷಕ್ಕೆ ಎಷ್ಟು ಲೀಟರ್ ಅಂತ ಕೇಳಿ, ಲೀಟರಿಗೆ ಎಷ್ಟು ಅಂತ ಅಲ್ಲ.

ನೀವು ನೋಡಿಟ್ಟ ಕಾರು ಪರಿಚಯದವರ ಹತ್ತಿರ ಇದ್ದೇ ಇರುತ್ತದೆ. "ಎಷ್ಟು ಕೊಡುತ್ತೆ" ಅಂತ ಬಾಯಿಮಾತಲ್ಲಿ ಕೇಳಬೇಡಿ. ಟ್ಯಾಂಕ್‌ನಿಂದ ಟ್ಯಾಂಕ್‌ಗೆ ಅಳೆದು ನೋಡೋಣ ಅನ್ನಿ. ಕ್ರಮ ಹೀಗೆ: ಬೆಳಗ್ಗೆ ತಂಪು ಹೊತ್ತಲ್ಲಿ ಬಂಕ್‌ಗೆ ಹೋಗಿ ಟ್ಯಾಂಕ್ ಫುಲ್ ಮಾಡಿಸಿ. ಪೆಟ್ರೋಲ್ ಹಾಕುವ ಪಿಸ್ತೂಲು ಮೊದಲ ಸಲ 'ಟಕ್' ಅಂತ ತಾನಾಗಿ ನಿಂತ ಕೂಡಲೇ ಸಾಕು ಅನ್ನಿ. ರೌಂಡ್ ಫಿಗರ್ ಮಾಡಲು ಹುಡುಗ ಮತ್ತೆ ಮತ್ತೆ ಒತ್ತಿದರೆ ಕೊಳವೆಯ ತನಕ ತುಂಬಿ ಲೆಕ್ಕ ಹಾಳಾಗುತ್ತದೆ. ಟ್ರಿಪ್ ಮೀಟರ್ ಸೊನ್ನೆ ಮಾಡಿ. ಕನಿಷ್ಠ 250-300 ಕಿ.ಮೀ. ಓಡಿದ ಮೇಲೆ ಅದೇ ಬಂಕ್, ಅದೇ ಪಂಪ್, ಅದೇ ದಿಕ್ಕಿಗೆ ಗಾಡಿ ನಿಲ್ಲಿಸಿ ಮತ್ತೆ ಮೊದಲ 'ಟಕ್' ತನಕ ತುಂಬಿಸಿ. ಓಡಿದ ಕಿಲೋಮೀಟರನ್ನು ಎರಡನೇ ಸಲ ಹಿಡಿದ ಲೀಟರಿನಿಂದ ಭಾಗಿಸಿ. 286 ಕಿ.ಮೀ. ಓಡಿ 16.9 ಲೀಟರ್ ಹಿಡಿದಿದ್ದರೆ 16.9. ಇದೇ ನಿಜವಾದ ಲೆಕ್ಕ. ಮೀಟರ್ ಮುಂದೆ ಮಿನುಗುವ ಸರಾಸರಿ, ಎಂಜಿನ್‌ಗೆ ಇಂಧನ ಚಿಮ್ಮಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅನ್ನುವುದರ ಅಂದಾಜು. ಅದು ಸಾಮಾನ್ಯವಾಗಿ ಒಂದಿಷ್ಟು ಹೆಚ್ಚೇ ತೋರಿಸುತ್ತದೆ. ಬಂಕ್‌ನ ಅಳತೆಯ ಮೇಲೇ ಅನುಮಾನವಿದ್ದರೆ, ಅಳತೆ ಇಲಾಖೆಯ ಮುದ್ರೆ ಬಿದ್ದ 5 ಲೀಟರ್ ಮಾಪನ ಪ್ರತಿ ಬಂಕ್‌ನಲ್ಲೂ ಇರಲೇಬೇಕು. ಅದರಲ್ಲಿ ಹಿಡಿದು ತೋರಿಸಿ ಅಂತ ಕೇಳಲು ಗಿರಾಕಿಗೆ ಹಕ್ಕಿದೆ.

ಒಮ್ಮುಖ ಪ್ರಯಾಣದ ಮೈಲೇಜನ್ನು ಮಾತ್ರ ನಂಬಬೇಡಿ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಚಿತ್ರದುರ್ಗ 730ರ ಆಸುಪಾಸು, ದಾವಣಗೆರೆ 600. ಬೆಂಗಳೂರಿನಿಂದ ಬರುವಾಗ ಗಾಡಿ ಒಟ್ಟಾರೆ ಇಳಿಯುತ್ತಲೇ ಬರುತ್ತದೆ, ಹೋಗುವಾಗ ಏರುತ್ತದೆ. ಇದರ ಮೇಲೆ ಗಾಳಿ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬೀಸುವಾಗ ಚಿತ್ರದುರ್ಗದಿಂದ ದಾವಣಗೆರೆ ಕಡೆ ಹೊರಟ ಗಾಡಿಗೆ ಅದು ಓರೆಯಾಗಿ ಎದುರಿಗೇ ಬಡಿಯುತ್ತದೆ. 80ರಲ್ಲಿ ಹೋಗುತ್ತಿರುವ ಗಾಡಿಗೆ 20ರ ಎದುರುಗಾಳಿ ಸಿಕ್ಕರೆ, ಗಾಳಿಯ ಮಟ್ಟಿಗೆ ಅದು 100ರಲ್ಲಿ ಹೋದಂತೆಯೇ. ಹಾಗಾಗಿ ಹೋಗಿದ್ದೂ ಬಂದಿದ್ದೂ ಸೇರಿಸಿ ಅಳೆಯಿರಿ.

ವೇಗದ ಲೆಕ್ಕವನ್ನೂ ಇಲ್ಲೇ ಮುಗಿಸುತ್ತೇನೆ. ಗಾಳಿ ಒಡ್ಡುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: 80ರಿಂದ 100ಕ್ಕೆ ಹೋದರೆ ಒಂದೂವರೆ ಪಟ್ಟಿಗೂ ಹೆಚ್ಚು, 120ಕ್ಕೆ ಎರಡೂಕಾಲು ಪಟ್ಟು. 80ರಲ್ಲಿ 21 ಕೊಡುವ ಕಾರು 100ರಲ್ಲಿ 17-18ಕ್ಕೆ, 120ರಲ್ಲಿ 14ರ ಹತ್ತಿರಕ್ಕೆ ಇಳಿಯುತ್ತದೆ. ಜಾತ್ರೆಗೆ ಹೋಗುವಾಗ ಮೇಲೆ ಕ್ಯಾರಿಯರ್ ಕಟ್ಟಿ, ಆಮೇಲೆ ವರ್ಷಪೂರ್ತಿ ಅದನ್ನು ಹಾಗೇ ಬಿಟ್ಟರೂ ಇದೇ ನಷ್ಟ. ಬೇಡವಾದಾಗ ಬಿಚ್ಚಿಡಿ.

ಈಗ ಯಾವ ಇಂಧನ? ವರ್ಷಕ್ಕೆ ಹತ್ತು ಸಾವಿರ ಕಿಲೋಮೀಟರ್ ಒಳಗಿದ್ದರೆ ಪೆಟ್ರೋಲ್ ಅಂತ ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಡೀಸೆಲ್ ಗಾಡಿಗೆ ಅದೇ ಮಾಡೆಲ್‌ನ ಪೆಟ್ರೋಲಿಗಿಂತ ಲಕ್ಷದ ಮೇಲೆ ಹೆಚ್ಚು ಬೀಳುತ್ತದೆ, ಅದರ ಮೇಲೆ ಆಜೀವ ತೆರಿಗೆ ಬೇರೆ, ಎಲ್ಲ ಸೇರಿ 1.3 ಲಕ್ಷ ಅಂತಿಟ್ಟುಕೊಳ್ಳಿ. ಕಾಂಪ್ಯಾಕ್ಟ್ ಎಸ್‌ಯುವಿಯಲ್ಲಿ ಪೆಟ್ರೋಲ್ 15 ಕೊಟ್ಟರೆ ಕಿ.ಮೀ.ಗೆ 6.87 ರೂಪಾಯಿ, ಡೀಸೆಲ್ 19 ಕೊಟ್ಟರೆ 4.79. ಕಿಲೋಮೀಟರಿಗೆ ಉಳಿಯುವುದು ಎರಡು ರೂಪಾಯಿ ಚಿಲ್ಲರೆ. ಹಾಕಿದ ಹಣ ವಾಪಸ್ ಬರಲು 62 ಸಾವಿರ ಕಿ.ಮೀ. ಓಡಬೇಕು. ವರ್ಷಕ್ಕೆ 9,600ರ ಮನೆಗೆ ಅದು ಆರೂವರೆ ವರ್ಷ; ವರ್ಷಕ್ಕೆ 20 ಸಾವಿರ ಓಡಿಸುವ ಅಡಿಕೆ ವ್ಯಾಪಾರಿಗೆ ಮೂರೇ ವರ್ಷ.

ಡೀಸೆಲ್‌ಗೆ ಹಣದ ಲೆಕ್ಕಕ್ಕಿಂತ ದೊಡ್ಡ ತಕರಾರು ಹೊಗೆ ಕೊಳವೆಯಲ್ಲಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ, ಡಿಪಿಎಫ್ ಅನ್ನುತ್ತಾರೆ. ಅದು ತುಂಬಿದಾಗ ಎಂಜಿನ್ ತಾನೇ ಹೆಚ್ಚು ಡೀಸೆಲ್ ಚಿಮ್ಮಿಸಿ, ಹೊಗೆಯ ಬಿಸಿ ಏರಿಸಿ ಮಸಿ ಸುಡುತ್ತದೆ. ಇದಕ್ಕೆ ಹದಿನೈದು ಇಪ್ಪತ್ತು ನಿಮಿಷ 60ರ ಮೇಲಿನ ಸಮವೇಗ ಬೇಕು. ವಿದ್ಯಾನಗರದಿಂದ ಶಾಲೆ, ಶಾಲೆಯಿಂದ ಮನೆ ಅಂತ ಮೂರು ಮೂರು ಕಿಲೋಮೀಟರ್ ಓಡಿಸಿ ಆಫ್ ಮಾಡುವವರ ಗಾಡಿಯಲ್ಲಿ ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಶುರು, ಮತ್ತೆ ಅರ್ಧ. ಸುಡದೆ ಉಳಿದ ಡೀಸೆಲ್ ಸಿಲಿಂಡರ್ ಗೋಡೆಯಿಂದ ಜಾರಿ ಎಂಜಿನ್ ಆಯಿಲ್‌ಗೆ ಸೇರುತ್ತದೆ. ಇಂಥ ಗಾಡಿಯ ಆಯಿಲ್ ಕಡ್ಡಿ ಎಳೆದು ನೋಡಿ. ಆಯಿಲ್ ಕಡಿಮೆಯಾಗುವ ಬದಲು ಮೇಲಿನ ಗೆರೆ ದಾಟಿ ಏರಿರುತ್ತದೆ, ಬೆರಳಿಗೆ ಹಚ್ಚಿದರೆ ನೀರು ನೀರು, ಮೂಗಿಗೆ ಡೀಸೆಲ್ ವಾಸನೆ. ಆ ಆಯಿಲ್‌ನಲ್ಲಿ ಟರ್ಬೊ, ಬೇರಿಂಗ್ ಬಾಳುವುದಿಲ್ಲ. ಸೆಕೆಂಡ್ ಹ್ಯಾಂಡ್ ಡೀಸೆಲ್ ನೋಡಲು ಹೋದಾಗ ಮೊದಲು ಈ ಕಡ್ಡಿ ಎಳೆಯಿರಿ. ಈಗಾಗಲೇ ಡೀಸೆಲ್ ಇರುವವರು ವಾರಕ್ಕೊಮ್ಮೆ ಹೈವೇ ಹತ್ತಿ ಹರಿಹರ ದಾಟುವ ತನಕ ಹೋಗಿ ಬನ್ನಿ, ನಾಲ್ಕನೇ ಗೇರಿನಲ್ಲಿ ಎಂಜಿನ್ 2,000ದ ಮೇಲೆ ತಿರುಗುವ ಹಾಗೆ. ಫಿಲ್ಟರ್ ದೀಪ ಹತ್ತಿದರೆ ಗಾಡಿ ನಿಲ್ಲಿಸುವುದಲ್ಲ, ಓಡಿಸಬೇಕು.

ಸಿಎನ್‌ಜಿ ಲೆಕ್ಕ ಇನ್ನೂ ಚೆನ್ನಾಗಿ ಕೂಡುತ್ತದೆ, ಬಂಕ್ ಹತ್ತಿರವಿದ್ದರೆ. ಕೆ.ಜಿ.ಗೆ 88 ರೂಪಾಯಿ, ಕೆ.ಜಿ.ಗೆ 25 ಕಿ.ಮೀ. ಅಂತ ಹಿಡಿದರೆ ಕಿಲೋಮೀಟರಿಗೆ ಮೂರೂವರೆ ರೂಪಾಯಿ. ಅದೇ ಕಾರು ಪೆಟ್ರೋಲಿನಲ್ಲಿ 18 ಕೊಟ್ಟರೆ 5.72. ಸಿಎನ್‌ಜಿ ಕಾರಿಗೆಂದು ಹೆಚ್ಚಿಗೆ ಕೊಟ್ಟ 95 ಸಾವಿರ 43 ಸಾವಿರ ಕಿಲೋಮೀಟರಿಗೆ ವಾಪಸ್. ಆದರೆ 60 ಲೀಟರಿನ ಸಿಲಿಂಡರಿಗೆ ನಿಜವಾಗಿ ಹಿಡಿಯುವುದು ಏಳೆಂಟು ಕೆ.ಜಿ.; ಬಂಕ್‌ನಲ್ಲಿ ಒತ್ತಡ ಕಡಿಮೆಯಿದ್ದರೆ, ಏಪ್ರಿಲ್ ಬಿಸಿಲಲ್ಲಿ ಅನಿಲ ಬಿಸಿಯೇರಿದ್ದರೆ ಇನ್ನೂ ಕಡಿಮೆ. ಒಂದು ಸಲ ತುಂಬಿದರೆ 180-200 ಕಿ.ಮೀ. ಓಡಾಟ. ಇಷ್ಟಕ್ಕೆ ಉಳಿಯುವುದು ನಾನೂರು ರೂಪಾಯಿ ಚಿಲ್ಲರೆ. ಬಂಕ್ ಮನೆಯಿಂದ 8 ಕಿ.ಮೀ. ದೂರ ಇದ್ದು, ಗ್ಯಾಸ್‌ಗೆಂದೇ ಹೋಗಿ ಬರಬೇಕಾದರೆ ಅದರಲ್ಲಿ 56 ರೂಪಾಯಿ ಹೋಯಿತು, ಜೊತೆಗೆ ಕ್ಯೂನಲ್ಲಿ ಅರ್ಧ ಗಂಟೆ. ಹಾಗಾಗಿ ಕಾರು ಬುಕ್ ಮಾಡುವ ಮುಂಚೆ ನೀವು ತುಂಬಿಸಬೇಕೆಂದಿರುವ ಬಂಕ್‌ಗೆ ಬೆಳಗ್ಗೆ ಎಂಟಕ್ಕೊಮ್ಮೆ, ಸಂಜೆ ಏಳಕ್ಕೊಮ್ಮೆ ಹೋಗಿ ಆಟೊ ಸಾಲು ಎಷ್ಟುದ್ದ ಇದೆ ನೋಡಿ.

ಸಿಎನ್‌ಜಿಯಲ್ಲಿ ಎಳೆತ ಕಡಿಮೆ. ಪೆಟ್ರೋಲಿನಲ್ಲಿ 82ರ ಹತ್ತಿರ ಅಶ್ವಶಕ್ತಿ ಕೊಡುವ ಸ್ವಿಫ್ಟ್ ಗ್ಯಾಸ್‌ನಲ್ಲಿ 70ಕ್ಕೆ ಇಳಿಯುತ್ತದೆ. ಐದು ಜನ, ಎ.ಸಿ., ಮುಂದೆ ಮೆಕ್ಕೆಜೋಳ ತುಂಬಿದ ಲಾರಿ: ಓವರ್‌ಟೇಕ್ ಮಾಡುವಾಗ ಗೇರು ಇಳಿಸಲೇಬೇಕು, ಇಲ್ಲವೇ ಪೆಟ್ರೋಲಿಗೆ ಹಾಕಿಕೊಳ್ಳಬೇಕು. ಡಿಕ್ಕಿಯ ಜಾಗವನ್ನೂ ನೋಡಿ. ಒಂದೇ ದೊಡ್ಡ ಸಿಲಿಂಡರ್ ಇದ್ದರೆ ಎರಡು ಬ್ಯಾಗ್ ಇಡಲೂ ಜಾಗವಿರುವುದಿಲ್ಲ. ಟಾಟಾ ಮತ್ತು ಹುಂಡೈ ಕೆಲವು ಮಾಡೆಲ್‌ಗಳಲ್ಲಿ ಎರಡು ಚಿಕ್ಕ ಸಿಲಿಂಡರ್‌ಗಳನ್ನು ನೆಲದಡಿ ಕೂರಿಸಿ ಜಾಗ ಉಳಿಸಿವೆ. ಕಂಪನಿಯೇ ಕೂರಿಸಿದ ಕಿಟ್ ಆಗಿರಲಿ. ಹೊರಗೆ ಹಾಕಿಸಿದ ಕಿಟ್ ಆರ್‌ಸಿಯಲ್ಲಿ ನಮೂದಾಗದಿದ್ದರೆ ವಿಮೆ ಸಿಗುವುದು ಕಷ್ಟ. ಸಿಲಿಂಡರಿಗೆ ಮೂರು ವರ್ಷಕ್ಕೊಮ್ಮೆ ಒತ್ತಡ ಪರೀಕ್ಷೆ ಕಡ್ಡಾಯ. ಕೊನೆಯ ಪರೀಕ್ಷೆಯ ದಿನಾಂಕ ತಗಡಿನ ಪಟ್ಟಿಯ ಮೇಲೆ ಇರುತ್ತದೆ. ತುಂಬುವಾಗ ಎಲ್ಲರೂ ಇಳಿದು ದೂರ ನಿಲ್ಲಿ, ಅಜ್ಜಿಯನ್ನೂ ಇಳಿಸಿ, ಸೋಮಾರಿತನ ಬೇಡ. 200 ಬಾರ್ ಒತ್ತಡ ಅದು.

ಎಲೆಕ್ಟ್ರಿಕ್ ಕಾರು ನಮ್ಮೂರಿನಂಥ ಊರಿಗೆ ಚೆನ್ನಾಗಿ ಒಪ್ಪುತ್ತದೆ, ಸ್ವಂತ ಮನೆ, ಗೇಟಿನೊಳಗೆ ನಿಲ್ಲಿಸುವ ಜಾಗ ಇದ್ದರೆ. ಒಂದು ಯುನಿಟ್‌ಗೆ 6-7 ಕಿ.ಮೀ. ಹಿಡಿದರೆ, ಮನೆಯ ಕರೆಂಟ್ ಆರು ರೂಪಾಯಿ ಅಂದರೂ ಕಿಲೋಮೀಟರಿಗೆ ಒಂದು ರೂಪಾಯಿ ಆಸುಪಾಸು. 15 ಆಂಪಿಯರ್ ಸಾಕೆಟ್‌ನಲ್ಲಿ ರಾತ್ರಿಯಿಡೀ ಚಾರ್ಜ್ ಆಗುತ್ತದೆ, ಆದರೆ ಅದು ಮೂರು ಕಿಲೋವ್ಯಾಟ್ ಮೇಲಿನ ಎಳೆತ; ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟಿದೆ ನೋಡಿ, ಒಂದೆರಡು ಕಿಲೋವ್ಯಾಟ್ ಅಷ್ಟೇ ಇದ್ದರೆ ಮೊದಲು ಹೆಚ್ಚಿಸಿಕೊಳ್ಳಿ. ಇನ್ನೊಂದು ಅರ್ಥಿಂಗ್. ಚಿತ್ರದುರ್ಗ, ಚಳ್ಳಕೆರೆ ಕಡೆಯ ಕಲ್ಲು ಮಿಶ್ರಿತ ಒಣ ನೆಲದಲ್ಲಿ ಬೇಸಿಗೆ ಬಂತೆಂದರೆ ಅರ್ಥಿಂಗ್ ಕೈಕೊಡುತ್ತದೆ. ಚಾರ್ಜರ್ ಕೆಂಪು ದೀಪ ತೋರಿಸಿ ನಿಂತುಬಿಟ್ಟರೆ ಗಾಡಿಯದೇ ದೋಷ ಅಂತ ಸರ್ವಿಸ್ ಸೆಂಟರ್‌ಗೆ ಓಡಬೇಡಿ. ಎಲೆಕ್ಟ್ರಿಷಿಯನ್‌ನಿಂದ ನ್ಯೂಟ್ರಲ್ ಮತ್ತು ಅರ್ಥ್ ನಡುವಿನ ವೋಲ್ಟೇಜ್ ಅಳೆಸಿ, ಅರ್ಥಿಂಗ್ ಗುಂಡಿಗೆ ನೀರು ಹಾಕಿಸಿ. 35 ಕಿಲೋವ್ಯಾಟ್-ಅವರ್ ಬ್ಯಾಟರಿಯ ಚಿಕ್ಕ ಕಾರಿನಲ್ಲಿ ಹೈವೇ ಮೇಲೆ 220-240 ಕಿ.ಮೀ. ಲೆಕ್ಕ ಇಟ್ಟುಕೊಳ್ಳಿ, ಬೆಂಗಳೂರಿಗೆ ಹೋಗುವಾಗ ದಾರಿಯಲ್ಲಿ ಒಂದು ಸಲ ನಿಲ್ಲಲೇಬೇಕು.

ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ ಮೋಟಾರೂ ಎಳೆಯುವ ಸ್ಟ್ರಾಂಗ್ ಹೈಬ್ರಿಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗ್ರ್ಯಾಂಡ್ ವಿಟಾರ, ಹೈರೈಡರ್‌ಗೆ ಕಂಪನಿ ಹೇಳುವ 27.97ರ ಹೆಚ್ಚಿನ ಲಾಭ ಸಿಗುವುದು ನಿಂತು ನಿಂತು ಹೋಗುವ ಬೆಂಗಳೂರಿನಂಥ ಟ್ರಾಫಿಕ್‌ನಲ್ಲಿ. ಹೈವೇಯಲ್ಲೇ ಹೆಚ್ಚು ಓಡುವ ನಮ್ಮ ಕಡೆಯವರಿಗೆ ಕೊಟ್ಟ ಹೆಚ್ಚುವರಿ ಹಣ ಹುಟ್ಟುವುದು ತಡ.

ಎಥೆನಾಲ್ ಬೆರೆಸಿದ ಪೆಟ್ರೋಲ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಅಷ್ಟೇ ಅಳತೆಯ ಎಥೆನಾಲ್‌ನಲ್ಲಿ ಪೆಟ್ರೋಲಿನ ಮೂರನೇ ಎರಡರಷ್ಟೇ ಶಕ್ತಿ ಇರುವುದರಿಂದ ಇ20, ಅಂದರೆ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿನ ಲೀಟರಿನಲ್ಲಿ ಶೇ 6-7ರಷ್ಟು ಶಕ್ತಿ ಕಡಿಮೆ. ಇ20ಗೆಂದೇ ಹೊಂದಿಸಿದ ಎಂಜಿನ್ ಇದರ ಒಂದು ಪಾಲು ತುಂಬಿಕೊಳ್ಳುತ್ತದೆ, ಹಳೆಯದಕ್ಕೆ ಆಗುವುದಿಲ್ಲ. 2023ರ ಏಪ್ರಿಲ್‌ಗಿಂತ ಮುಂಚಿನ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವವರು ಪೆಟ್ರೋಲ್ ಪೈಪು, ರಬ್ಬರ್ ಸೀಲುಗಳನ್ನು ಮೆಕ್ಯಾನಿಕ್ ಕೈಯಲ್ಲಿ ನೋಡಿಸಿ. ಎಥೆನಾಲ್ ನೀರು ಹೀರುತ್ತದೆ, ಹಾಗಾಗಿ ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕನ್ನು ಅರ್ಧ ಖಾಲಿ ಬಿಡಬೇಡಿ.

ಗಾಡಿಯ ಗಾತ್ರ ತೀರ್ಮಾನಿಸುವಾಗ ವರ್ಷಕ್ಕೆ ನಾಲ್ಕು ಸಲ ಬರುವ ನೆಂಟರನ್ನು ನೆನೆದು ಏಳು ಸೀಟಿನದು ತಗೊಳ್ಳುವವರು ಬಹಳ. ಮನೆಯಲ್ಲಿ ದಿನವೂ ಆರು ಜನ ಇದ್ದರೆ ಎರ್ಟಿಗಾದಂಥದ್ದು ಸರಿಯೇ, ಅದರ ಪೆಟ್ರೋಲ್ ಮ್ಯಾನುಯಲ್‌ಗೆ ಕಂಪನಿ ಸಂಖ್ಯೆ 20.51. ನಾಲ್ಕೇ ಜನರಾದರೆ ನಾಯಕನಹಟ್ಟಿ ಜಾತ್ರೆಯ ಒಂದು ದಿನಕ್ಕೆ ಬಾಡಿಗೆ ಗಾಡಿ ಮಾಡುವುದೇ ಅಗ್ಗ. ಹಾಗೆಂದು ತೀರಾ ಚಿಕ್ಕ ಎಂಜಿನ್ ಕೂಡ ಬೇಡ. ಸಾವಿರ ಸಿಸಿಯ ಸಾದಾ ಎಂಜಿನ್‌ಗೆ ಐದು ಜನ, ಲಗೇಜು, ಎ.ಸಿ. ಹೇರಿ ಹೈವೇಯಲ್ಲಿ 100ರಲ್ಲಿ ಓಡಿಸಿದರೆ ಅದು ದಮ್ಮು ಕಟ್ಟಿ ತಿರುಗುತ್ತದೆ, ಕುಡಿಯುವುದೂ ಜಾಸ್ತಿ. ಅಂಥ ಓಡಾಟಕ್ಕೆ 1,200 ಸಿಸಿಯೇ ವಾಸಿ. ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್‌ಗಳು ಮೆತ್ತಗೆ ಓಡಿಸುವವರಿಗೆ ಚೆನ್ನಾಗಿ ಕೊಡುತ್ತವೆ, ಕಾಲು ಭಾರವಿದ್ದವರಿಗೆ ಊರೊಳಗೆ ಹತ್ತು ಹನ್ನೊಂದಕ್ಕೆ ಇಳಿಯುತ್ತವೆ. ಟೆಸ್ಟ್ ಡ್ರೈವ್‌ಗೆ ಒಬ್ಬರೇ ಹೋಗಬೇಡಿ. ಮನೆಯವರನ್ನೆಲ್ಲ ಕೂರಿಸಿ, ಎ.ಸಿ. ಹಾಕಿ, ಪೇಟೆಯ ಜನಸಂದಣಿಯಲ್ಲಿ ಎರಡನೇ ಗೇರಿನಲ್ಲಿ ನಿಧಾನ ಓಡಿಸಿ. ಹಂಪ್ ದಾಟಿದ ಮೇಲೆ ಗೇರು ಇಳಿಸದೆ ಎಳೆಯುತ್ತದೆಯೇ, ಹಿಂದೆ ಕೂತ ಅಪ್ಪನ ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆಯೇ, ಐದು ಜನ ಕೂತಾಗ ಹಂಪ್‌ಗೆ ಅಡಿ ತಾಗುತ್ತದೆಯೇ ನೋಡಿ.

ಬೆಲೆ ಪಟ್ಟಿ ಓದುವಾಗ 10 ಲಕ್ಷದ ಗೆರೆಯನ್ನು ಮರೆಯಬೇಡಿ. ಕರ್ನಾಟಕದಲ್ಲಿ 5ರಿಂದ 10 ಲಕ್ಷದ ಕಾರಿಗೆ ಆಜೀವ ತೆರಿಗೆ ಶೇ 14, 10 ದಾಟಿ 20 ಲಕ್ಷದವರೆಗೆ ಶೇ 17, ತೆರಿಗೆಯ ಮೇಲೆ ಶೇ 11 ಸೆಸ್. 9.90 ಲಕ್ಷದ ಕಾರಿಗೆ 1,53,846 ರೂಪಾಯಿ ಆಗುವ ತೆರಿಗೆ 10.10 ಲಕ್ಷದ ಕಾರಿಗೆ 1,90,587 ಆಗುತ್ತದೆ. ಬೆಲೆ ಏರಿದ್ದು 20 ಸಾವಿರ, ತೆರಿಗೆ ಏರಿದ್ದು 36 ಸಾವಿರದ ಮೇಲೆ. ಸನ್‌ರೂಫ್ ಆಸೆಗೆ ಒಂದು ವೇರಿಯಂಟ್ ಮೇಲೆ ಹೋದರೆ ಆರು ತಿಂಗಳಿಗೂ ಹೆಚ್ಚಿನ ಪೆಟ್ರೋಲ್ ಹಣ ತೆರಿಗೆಗೇ ಹೋಯಿತು. 10 ಲಕ್ಷ ದಾಟಿದರೆ ಶೇ 1 ಟಿಸಿಎಸ್ (ಮಾರುವವರೇ ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ) ಕೂಡ ಹಿಡಿಯುತ್ತಾರೆ, ಅದನ್ನು ಆದಾಯ ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಪಡೆಯಬಹುದು. ಜಿಎಸ್‌ಟಿಯಲ್ಲೂ ಒಂದು ಗೆರೆಯಿದೆ: 2025ರ ಸೆಪ್ಟೆಂಬರ್ 22ರಿಂದ 4 ಮೀಟರ್ ಒಳಗಿನ, 1,200 ಸಿಸಿ ಮೀರದ ಪೆಟ್ರೋಲ್ ಅಥವಾ ಸಿಎನ್‌ಜಿ, 1,500 ಸಿಸಿ ಮೀರದ ಡೀಸೆಲ್ ಕಾರುಗಳಿಗೆ ಶೇ 18, ಅದಕ್ಕಿಂತ ದೊಡ್ಡವಕ್ಕೆ ಶೇ 40.

ಕೊಟೇಷನ್ ಕೈಗೆ ಬಂದ ಮೇಲೆ ಒಂದೊಂದೇ ಸಾಲು ಕೇಳಿ. ನೋಂದಣಿ ಶುಲ್ಕ 600 ರೂಪಾಯಿ. ಕಡ್ಡಾಯವಾದ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ, 2022ರ ಜೂನ್‌ನಲ್ಲಿ ನಿಗದಿಯಾದ ದರದಲ್ಲಿ, ಸಾವಿರ ಸಿಸಿವರೆಗೆ 6,521, 1,500 ಸಿಸಿವರೆಗೆ 10,640, ಜಿಎಸ್‌ಟಿ ಬೇರೆ. ಉಳಿದದ್ದು ನಿಮ್ಮದೇ ಗಾಡಿಯ ಹಾನಿಗೆ ಕಟ್ಟುವ ಓನ್ ಡ್ಯಾಮೇಜ್ ಪ್ರೀಮಿಯಂ, ಅದರಲ್ಲೇ ಚೌಕಾಸಿ ಇರುವುದು. ಶೋರೂಂನಲ್ಲೇ ವಿಮೆ ಮಾಡಿಸಬೇಕೆಂಬ ಕಾನೂನಿಲ್ಲ. ಅದೇ ಐಡಿವಿ (ವಿಮೆಯಲ್ಲಿ ಹಿಡಿದ ಗಾಡಿಯ ಬೆಲೆ), ಅದೇ ಆಡ್-ಆನ್ ಇಟ್ಟು ಆನ್‌ಲೈನ್‌ನಲ್ಲಿ ದರ ತೆಗೆಸಿ ತೋರಿಸಿ; ಹತ್ತು ಸಾವಿರ ಮೀರಿದ ವ್ಯತ್ಯಾಸ ಅಪರೂಪವಲ್ಲ. 'ಹ್ಯಾಂಡ್ಲಿಂಗ್', 'ಲಾಜಿಸ್ಟಿಕ್ಸ್' ಅಂತ ಇದ್ದರೆ ಅದು ಸರ್ಕಾರಕ್ಕೆ ಕಟ್ಟುವ ಹಣವಲ್ಲ, ತೆಗೆಸಿ. ಆಕ್ಸೆಸರಿ ಪ್ಯಾಕ್‌ನಲ್ಲಿ ಮ್ಯಾಟು, ಮಡ್‌ಫ್ಲ್ಯಾಪ್ ಬಿಟ್ಟರೆ ಮಿಕ್ಕಿದ್ದು ಹೊರಗೆ ಅರ್ಧ ಬೆಲೆಗೆ ಸಿಗುತ್ತದೆ. ಅಗಲದ ಟೈರು, ದೊಡ್ಡ ಅಲಾಯ್ ಅಂತೂ ಬೇಡವೇ ಬೇಡ, ಮೈಲೇಜ್ ಅಲ್ಲೇ ಸೋರುತ್ತದೆ. ಹುಬ್ಬಳ್ಳಿ, ಶಿವಮೊಗ್ಗ, ತುಮಕೂರಿನ ಶೋರೂಂಗಳಿಂದಲೂ ಕೊಟೇಷನ್ ತರಿಸಿ. ಎಲ್ಲಿ ಕೊಂಡರೂ ನಿಮ್ಮ ವಿಳಾಸಕ್ಕೆ ಕೆಎ-17 ಅಥವಾ ಕೆಎ-16ರಲ್ಲೇ ನೋಂದಣಿ ಮಾಡಿಸಬಹುದು. ಹೈವೇ ಓಡಾಟ ಹೆಚ್ಚಿದ್ದರೆ, 2025ರ ಆಗಸ್ಟ್ 15ರಂದು 3,000 ರೂಪಾಯಿಗೆ ಶುರುವಾದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಮಾಡಿಸಿಕೊಳ್ಳಿ. ವರ್ಷದೊಳಗೆ 200 ಸಲ ರಾಷ್ಟ್ರೀಯ ಹೆದ್ದಾರಿ ಟೋಲ್ ದಾಟಬಹುದು, ಹೆಬ್ಬಾಳು, ಗುಯಿಲಾಳು ಎಲ್ಲ ಅದರಲ್ಲೇ ಬರುತ್ತವೆ.

ಸಾಲದ ಬಗ್ಗೆ ಒಂದೇ ಎಚ್ಚರಿಕೆ. 'ಫ್ಲ್ಯಾಟ್ 6 ಪರ್ಸೆಂಟ್' ಅಂತ ಯಾರಾದರೂ ಹೇಳಿದರೆ ಅದು ಬ್ಯಾಂಕಿನ 9ಕ್ಕಿಂತ ಅಗ್ಗವಲ್ಲ. 6 ಲಕ್ಷಕ್ಕೆ ಐದು ವರ್ಷದ ಫ್ಲ್ಯಾಟ್ 6ರಲ್ಲಿ ಕಂತು 13,000. ಅದು ಇಳಿಕೆ ಬಡ್ಡಿಯ ಲೆಕ್ಕದಲ್ಲಿ 10.8ರ ಆಸುಪಾಸು. ಬ್ಯಾಂಕಿನ 9ಕ್ಕೆ ಕಂತು 12,455. ಅದನ್ನೇ ಏಳು ವರ್ಷಕ್ಕೆ ಎಳೆದರೆ ಕಂತು 9,653ಕ್ಕೆ ಇಳಿಯುತ್ತದೆ, ಬಡ್ಡಿ ಮಾತ್ರ 63 ಸಾವಿರ ಹೆಚ್ಚು.

ಪೂರ್ತಿ ಹಣ ಕಟ್ಟುವ ಮುಂಚೆ, ನೋಂದಣಿಗೂ ಮುಂಚೆ, ಶೋರೂಂನ ಯಾರ್ಡ್‌ಗೆ ಹೋಗಿ ನಿಮ್ಮ ಗಾಡಿಯನ್ನೇ ನೋಡಿ. ಹಗಲು ಬೆಳಕಿನಲ್ಲಿ ಹೋಗಿ, ಗಾಡಿ ತೊಳೆಸುವುದಕ್ಕೆ ಮುಂಚೆ ಹೋಗಿ, ಧೂಳಿನ ಕೆಳಗೆ ಗೀರು ಅಡಗಿರಬಹುದು, ಒರೆಸಿ ನೋಡಿ. ಚಾಸಿ ಸಂಖ್ಯೆ ಇನ್ವಾಯ್ಸ್‌ಗೆ ಹೊಂದಬೇಕು. ತಯಾರಾದ ತಿಂಗಳು, ವರ್ಷ ಫಾರಂ 21ರಲ್ಲಿ ಇರುತ್ತದೆ. ಜನವರಿಯಲ್ಲಿ ಕೊಳ್ಳುವವರು ಹಿಂದಿನ ವರ್ಷದ ಗಾಡಿ ಅಂತ ಗೊತ್ತಿದ್ದೇ ರಿಯಾಯಿತಿ ಕೇಳಿ. ಓಡೋಮೀಟರ್ 50 ಕಿ.ಮೀ. ಒಳಗಿರಲಿ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ, 3225 ಅಂದರೆ 2025ರ 32ನೇ ವಾರ. ಸ್ಟೆಪ್ನಿ ಸೇರಿ ಐದರಲ್ಲೂ ಹತ್ತಿರಹತ್ತಿರ ಇರಬೇಕು. ಬಾನೆಟ್ ಬೋಲ್ಟ್‌ಗಳ ಬಣ್ಣ ಕಿತ್ತಿದ್ದರೆ ಯಾರೋ ಸ್ಪ್ಯಾನರ್ ಹಾಕಿದ್ದಾರೆ ಅಂತ ಅರ್ಥ, ಯಾಕೆ ಅಂತ ಕೇಳಿ. ಬಾಗಿಲು ರಬ್ಬರ್ ಎತ್ತಿ ನೋಡಿ, ಬಣ್ಣದ ಚುಕ್ಕೆ ಹಾರಿದ್ದರೆ ಮರುಬಣ್ಣ ಹಚ್ಚಿದ್ದಾರೆ.

ಯಾರ್ಡ್‌ನಲ್ಲಿ ತಿಂಗಳುಗಟ್ಟಲೆ ನಿಲ್ಲುವ ಗಾಡಿಯ ಟೈರು ಚಪ್ಪಟೆಯಾಗದಿರಲಿ ಅಂತ ಗಾಳಿ 40ರ ಮೇಲೆ ತುಂಬಿಟ್ಟಿರುತ್ತಾರೆ, ಡೆಲಿವರಿ ದಿನ ಅದನ್ನು ಇಳಿಸಲು ಮರೆಯುವುದೂ ಉಂಟು. ಮನೆಗೆ ಬಂದ ಮರುದಿನ ಬೆಳಗ್ಗೆ, ಟೈರು ತಣ್ಣಗಿರುವಾಗ, ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಷ್ಟಕ್ಕೆ ಇಳಿಸಿಕೊಳ್ಳಿ. ಮೊದಲ ಸಾವಿರ ಕಿಲೋಮೀಟರ್ ಎಂಜಿನ್ ಬಿಗಿಯಾಗಿರುತ್ತದೆ. ಆಗ ಬರುವ ಮೈಲೇಜ್ ಬರೆದಿಟ್ಟುಕೊಳ್ಳಿ, ಆದರೆ ಶೋರೂಂಗೆ ಹೋಗಿ ಜಗಳ ಮಾಡಬೇಡಿ. ಮೊದಲ ಸರ್ವಿಸ್ ಆದ ಮೇಲೆ ಮತ್ತೆ ಅದೇ ಬಂಕ್, ಅದೇ ಪಂಪ್, ಮೊದಲ 'ಟಕ್'.